ಕೃಪೆಯಿಂದ ರಕ್ಷಣೆ: ಕ್ರೈಸ್ತ ಸಿದ್ಧಾಂತ ಮತ್ತು ಗುಬ್ಬಿ–ಕುಣಿಗಲ್ ಸೀಮೆ

ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ಧರ್ಮಶಾಸ್ತ್ರದ ವಿಧಿಗಳನ್ನು ಪಾಲಿಸಿ ಗಳಿಸಿದ ಪುಣ್ಯದಿಂದಲ್ಲ. ಯೇಸು ಕ್ರಿಸ್ತನಲ್ಲಿ ದೇವರು ತೋರಿದ ಕೃಪೆಯಿಂದ, ಆ ಕೃಪೆಯನ್ನು ನಂಬಿ ಕೈಯೊಡ್ಡುವುದರಿಂದ. ಕ್ರೈಸ್ತ ಧರ್ಮದ, ಅದರಲ್ಲೂ ಪ್ರಾಟೆಸ್ಟೆಂಟ್ ಪಂಥಗಳ, ಮುಖ್ಯ ಸಿದ್ಧಾಂತ ಇದು. ಇದಕ್ಕೆ ಆಧಾರವೆಂದು ಸಾಮಾನ್ಯವಾಗಿ ಎತ್ತಿ ತೋರಿಸುವುದು ಹೊಸ ಒಡಂಬಡಿಕೆಯ ರೋಮಾಪುರದವರಿಗೆ, ಗಲಾತ್ಯದವರಿಗೆ ಮತ್ತು ಎಫೆಸದವರಿಗೆ ಬರೆದ ಪತ್ರಿಕೆಗಳನ್ನು.

ತುಮಕೂರು ಜಿಲ್ಲೆಯಲ್ಲಿ ಈ ಬೋಧೆಗೆ ಸುಮಾರು ಎರಡು ಶತಮಾನದ ಇತಿಹಾಸವಿದೆ. ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ ತನ್ನ ಕನ್ನಡ ಕೆಲಸದ ಮೊದಲ ಗ್ರಾಮಾಂತರ ನೆಲೆಗಳಲ್ಲೊಂದನ್ನು 1837ರಲ್ಲಿ ಗುಬ್ಬಿಯಲ್ಲಿ ಹೂಡಿತು. ಮುಂದಿನ ದಶಕದಲ್ಲಿ ಕುಣಿಗಲ್ ಕೂಡ ಅದರ ಕಾರ್ಯಕ್ಷೇತ್ರಕ್ಕೆ ಸೇರಿತು. ಇಂದಿನ ಕುಣಿಗಲ್ ತಾಲೂಕು ಕಸಬಾ, ಕೊತ್ತಗೆರೆ, ಹುತ್ರಿದುರ್ಗ, ಅಮೃತೂರು, ಯಡಿಯೂರು, ಹುಲಿಯೂರುದುರ್ಗ ಹೋಬಳಿಗಳಾಗಿ ಹಂಚಿಹೋಗಿರುವ ನಾಡು. ಕೆರೆ, ಹೊಲ, ತೆಂಗಿನ ತೋಟಗಳ ನಡುವೆ ಒಂದೊಂದು ಊರಿಗೂ ಅದರದೇ ದೇವರು, ಮಠ, ಕಟ್ಟುಪಾಡು ಇದ್ದ ಈ ಸೀಮೆಯಲ್ಲಿ ‘ಶಾಸ್ತ್ರದಿಂದಲ್ಲ, ಕೃಪೆಯಿಂದ’ ಎಂಬ ಮಾತು ವೇದಾಂತದ ಚರ್ಚೆಯಾಗಿ ಉಳಿಯಲಿಲ್ಲ. ಯಾರು ಯಾರ ಜೊತೆ ಕೂತು ಉಣ್ಣುತ್ತಾರೆ ಎಂಬ ಪ್ರಶ್ನೆಯಾಗಿ ಅದು ಮನೆಮನೆಗೆ ತಟ್ಟಿತು. ಸಿದ್ಧಾಂತ ಹುಟ್ಟಿದ್ದೂ ಅಂಥದೇ ಒಂದು ಪ್ರಶ್ನೆಯಿಂದ.

ಅಂತಿಯೋಕ್ಯದ ಪಂಕ್ತಿ

ಕ್ರಿಸ್ತಶಕ ಒಂದನೆಯ ಶತಮಾನದ ನಡುಭಾಗ. ಸಿರಿಯಾದ ಅಂತಿಯೋಕ್ಯ ಪಟ್ಟಣದ ಸಭೆಯಲ್ಲಿ ಯೆಹೂದ್ಯರೂ ಅನ್ಯಜನರೂ ಒಟ್ಟಿಗೆ ಊಟ ಮಾಡುತ್ತಿದ್ದರು. ಯೇಸುವಿನ ಶಿಷ್ಯರಲ್ಲಿ ಹಿರಿಯನಾದ ಪೇತ್ರನೂ ಆ ಪಂಕ್ತಿಯಲ್ಲಿ ಕೂರುತ್ತಿದ್ದ. ಜೆರೂಸಲೇಮಿನಿಂದ, ಅಲ್ಲಿನ ಸಭೆಯ ಹಿರಿಯನಾದ ಯಾಕೋಬನ ಕಡೆಯ ಕೆಲವರು ಬಂದದ್ದೇ ತಡ, ಪೇತ್ರ ಹಿಂಜರಿದು ಬೇರೆ ಕುಳಿತ. ಅವನನ್ನು ನೋಡಿ ಉಳಿದ ಯೆಹೂದ್ಯ ವಿಶ್ವಾಸಿಗಳೂ ಎದ್ದರು. ಅನ್ಯಜನರ ನಡುವೆ ವರ್ಷಗಟ್ಟಲೆ ದುಡಿದಿದ್ದ ಬಾರ್ನಬನೂ ಎದ್ದ. ಅನ್ಯಜನರಿಗೆ ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲ ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಅವನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಈ ಜಗಳದ ವರದಿಯಿದೆ. ಅದರ ಬೆನ್ನಿಗೇ, ಧರ್ಮಶಾಸ್ತ್ರದ ಆಚರಣೆಯಿಂದ ಯಾವ ಮನುಷ್ಯನೂ ನೀತಿವಂತನಾಗುವುದಿಲ್ಲ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದಲೇ ಆಗುತ್ತಾನೆ ಎಂಬ ಘೋಷಣೆ ಬರುತ್ತದೆ. ಓದುವವರು ಘೋಷಣೆಯನ್ನಷ್ಟೇ ಎತ್ತಿಕೊಂಡು ಪಂಕ್ತಿಯನ್ನು ಮರೆಯುವುದುಂಟು. ಎರಡನ್ನೂ ಜೊತೆಯಾಗಿ ಓದಬೇಕು.

ಪ್ರಶ್ನೆ ಹೀಗಿತ್ತು: ಅನ್ಯಜನರು ಸಭೆಗೆ ಸೇರಬೇಕಾದರೆ ಮೊದಲು ಸುನ್ನತಿ ಮಾಡಿಸಿಕೊಂಡು, ಮೋಶೆಯ ಶಾಸ್ತ್ರದ ಆಹಾರನಿಯಮ ಮತ್ತು ಸಬ್ಬತ್ತುಗಳಿಗೆ ಒಳಪಡಬೇಕೇ? ಸುಮಾರು ಕ್ರಿ.ಶ. 49ರಲ್ಲಿ ಜೆರೂಸಲೇಮಿನಲ್ಲಿ ಕೂಡಿದ ಹಿರಿಯರು ಸುನ್ನತಿ ಬೇಡವೆಂದು ತೀರ್ಮಾನಿಸಿದರು. ಇದಕ್ಕೆ ಪೌಲ ಕೊಟ್ಟ ಆಧಾರ ಅಬ್ರಹಾಮನ ಕತೆ. ಅಬ್ರಹಾಮ ದೇವರ ಮಾತನ್ನು ನಂಬಿದ, ಆ ನಂಬಿಕೆಯನ್ನೇ ದೇವರು ನೀತಿಯೆಂದು ಎಣಿಸಿದ. ಸುನ್ನತಿ ಬಂದದ್ದು ಅದಾದ ಮೇಲೆ, ಸೀನಾಯಿ ಬೆಟ್ಟದ ಶಾಸ್ತ್ರ ಬಂದದ್ದು ಇನ್ನೂ ಎಷ್ಟೋ ಕಾಲದ ಮೇಲೆ. ಹಾಗಿದ್ದ ಮೇಲೆ ಮೊದಲು ಬಂದದ್ದು ವಾಗ್ದಾನ. ಶಾಸ್ತ್ರ ಕೆಟ್ಟದ್ದೆಂದು ಪೌಲ ಎಲ್ಲಿಯೂ ಹೇಳುವುದಿಲ್ಲ. ಅದು ಪಾಪವನ್ನು ತೋರಿಸಿಕೊಡುತ್ತದೆ, ಮಕ್ಕಳು ದೊಡ್ಡವರಾಗುವ ತನಕ ಕಾಯುವ ಮೇಲ್ವಿಚಾರಕನಂತೆ ಕ್ರಿಸ್ತನು ಬರುವವರೆಗೆ ಕಾದಿದೆ. ಆದರೆ ಪಾಪದಿಂದ ಬಿಡಿಸುವ ಶಕ್ತಿ ಅದಕ್ಕಿಲ್ಲ ಎಂಬುದು ಅವನ ವಾದ.

ಈ ವಾದದಿಂದ ಎರಡು ಅಪಾರ್ಥಗಳು ಹುಟ್ಟಿದವು. ಮೊದಲನೆಯದು ಪೌಲನ ಕಾಲಕ್ಕೇ ಬಂತು: ಕೃಪೆ ಇದ್ದೇ ಇದೆಯಲ್ಲ, ಪಾಪ ಮಾಡಿದರೇನು ಎಂಬ ಸೋಗು. ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ಇದಕ್ಕೆ ಕೊಟ್ಟ ಖಡಾಖಂಡಿತ ಉತ್ತರ. ಯಾಕೋಬನ ಹೆಸರಿನ ಪತ್ರಿಕೆಯೂ ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಹೇಳುತ್ತದೆ. ಎರಡನೆಯ ಅಪಾರ್ಥ ಇನ್ನೂ ಆಳವಾದದ್ದು. ಯೆಹೂದ್ಯ ಧರ್ಮವೆಂದರೆ ಪುಣ್ಯದ ಲೆಕ್ಕ ಬರೆಯುವ ಒಣ ಶಾಸ್ತ್ರಾಚಾರ ಎಂಬ ಚಿತ್ರವನ್ನು ಕ್ರೈಸ್ತ ಬೋಧಕರು ಶತಮಾನಗಳ ಕಾಲ ಬರೆದರು. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಪೌಲ ಮತ್ತು ಪ್ಯಾಲಸ್ತೀನಿನ ಯೆಹೂದ್ಯ ಧರ್ಮದ ಕುರಿತ ತಮ್ಮ ಗ್ರಂಥದಲ್ಲಿ ಆ ಚಿತ್ರ ತಪ್ಪೆಂದು ವಿವರವಾಗಿ ತೋರಿಸಿದರು. ಯೆಹೂದ್ಯರಿಗೂ ದೇವರ ಆಯ್ಕೆ ಮೊದಲು, ಶಾಸ್ತ್ರಪಾಲನೆ ಆಮೇಲೆ. ಐಗುಪ್ತದ ದಾಸತ್ವದಿಂದ ಜನರನ್ನು ಬಿಡಿಸಿದ ನಂತರವೇ ದೇವರು ಆಜ್ಞೆಗಳನ್ನು ಕೊಡುತ್ತಾನೆ. ವಿಮೋಚನಕಾಂಡದ ಕ್ರಮವೇ ಅದು. ಜೇಮ್ಸ್ ಡನ್ ಮೊದಲಾದವರು ಇದನ್ನು ಮುಂದುವರಿಸಿ, ಪೌಲ ವಿರೋಧಿಸಿದ್ದು ಒಂದು ಜನಾಂಗವನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತುಗಳನ್ನು ಎಂದು ವಾದಿಸಿದರು. ಹಳೆಯ ಲೂಥರನ್ ಓದನ್ನು ಇದು ಪೂರ್ತಿ ಅಳಿಸಿಹಾಕಿತೆಂದು ಒಪ್ಪದ ವಿದ್ವಾಂಸರು ಅನೇಕರಿದ್ದಾರೆ. ಆದರೆ ಕರ್ನಾಟಕದ ಹಳ್ಳಿಗಳ ಅನುಭವವನ್ನು ಅರಿಯಲು ಈ ಹೊಸ ಓದು ಹೆಚ್ಚು ಬೆಳಕು ಕೊಡುತ್ತದೆ.

ಅಗಸ್ಟೀನನಿಂದ ವೆಸ್ಲಿಯವರೆಗೆ

ಐದನೆಯ ಶತಮಾನದಲ್ಲಿ ಪೆಲೇಜಿಯಸ್ ಎಂಬ ಸಾಧಕ, ಮನುಷ್ಯ ತನ್ನ ಇಚ್ಛೆಯಿಂದಲೇ ಪಾಪವಿಲ್ಲದೆ ಬದುಕಬಲ್ಲನೆಂದು ಕಲಿಸಿದಾಗ, ಹಿಪ್ಪೋದ ಬಿಷಪ್ ಅಗಸ್ಟೀನ (354–430) ಇಚ್ಛೆಯೇ ರೋಗಗ್ರಸ್ತವಾಗಿದೆ, ಒಳ್ಳೆಯದನ್ನು ಬಯಸುವುದಕ್ಕೂ ಕೃಪೆ ಬೇಕು ಎಂದ. 418ರ ಕಾರ್ಥೇಜ್ ಸಭೆ ಅಗಸ್ಟೀನನ ಪಕ್ಷ ಹಿಡಿಯಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಈ ಜಗಳದಲ್ಲಿ ಅಷ್ಟಾಗಿ ಬೀಳದೆ, ಮನುಷ್ಯ ದೇವರ ಜೀವದಲ್ಲಿ ಪಾಲುಗಾರನಾಗುವುದನ್ನೇ ರಕ್ಷಣೆಯೆಂದು ಕಂಡವು.

ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ (1483–1546) ಈ ಪ್ರಶ್ನೆಯನ್ನು ಮತ್ತೆ ಎತ್ತಿದ. ಉಪವಾಸ, ಜಾಗರಣೆ, ಪಾಪನಿವೇದನೆ ಎಲ್ಲವನ್ನೂ ನಿಷ್ಠೆಯಿಂದ ಮಾಡಿದರೂ ಮನಶ್ಶಾಂತಿ ಸಿಗದ ಸನ್ಯಾಸಿ ಅವನು. ದೇವರ ನೀತಿಯೆಂದರೆ ಪಾಪಿಯನ್ನು ದಂಡಿಸುವ ನೀತಿಯಲ್ಲ, ಪಾಪಿಗೆ ದಾನವಾಗಿ ಬರುವ ನೀತಿ ಎಂದು ರೋಮಾಪುರದ ಪತ್ರಿಕೆಯಲ್ಲಿ ಕಂಡುಕೊಂಡ. 1517ರ ಅಕ್ಟೋಬರ್ 31ರಂದು ಕ್ಷಮಾಪತ್ರಗಳ ಮಾರಾಟವನ್ನು ಪ್ರಶ್ನಿಸಿ 95 ಪ್ರಮೇಯಗಳನ್ನು ಹೊರಡಿಸಿದ. 1530ರ ಆಗ್ಸ್‌ಬರ್ಗ್ ನಂಬಿಕೆಯ ಪ್ರಮಾಣದ ನಾಲ್ಕನೆಯ ವಿಧಿ ಈ ಬೋಧೆಯನ್ನು ಸೂತ್ರರೂಪಕ್ಕೆ ತಂದಿತು. ರೋಮನ್ ಕ್ಯಾಥೊಲಿಕ್ ಸಭೆ 1547ರ ಜನವರಿಯಲ್ಲಿ, ಟ್ರೆಂಟ್ ಮಹಾಸಭೆಯ ಆರನೆಯ ಅಧಿವೇಶನದಲ್ಲಿ, ಕೃಪೆ ಇಲ್ಲದೆ ರಕ್ಷಣೆ ಇಲ್ಲವೆಂಬುದನ್ನು ಗಟ್ಟಿಯಾಗಿ ಹೇಳಿತು. ಆದರೆ ನಂಬಿಕೆ ‘ಒಂದರಿಂದಲೇ’ ಎಂಬುದನ್ನು ತಳ್ಳಿಹಾಕಿತು. ಕೃಪೆಯೊಂದಿಗೆ ಮನುಷ್ಯ ಸಹಕರಿಸುತ್ತಾನೆ, ಸಂಸ್ಕಾರಗಳ ಮೂಲಕ ಕೃಪೆಯಲ್ಲಿ ಬೆಳೆಯುತ್ತಾನೆ ಎಂಬುದು ಅದರ ನಿಲುವು.

ಗುಬ್ಬಿಗೆ ಬಂದದ್ದು ಲೂಥರನ ಬೋಧೆ ನೇರವಾಗಿಯಲ್ಲ, ಜಾನ್ ವೆಸ್ಲಿಯ (1703–1791) ಮೂಲಕ. ಆಂಗ್ಲಿಕನ್ ಪಾದ್ರಿಯಾಗಿದ್ದ ವೆಸ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ನೇಮನಿಷ್ಠೆಗೆ ಹೆಸರಾದವನು. ‘ಮೆಥಡಿಸ್ಟ್’ ಎಂಬುದು ಆಗ ಜನ ಹಚ್ಚಿದ ಅಡ್ಡಹೆಸರು. ಅಮೆರಿಕದ ಜಾರ್ಜಿಯಾಕ್ಕೆ ಹೋಗಿ ಸೋತು ಬಂದವನು 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಒಲ್ಲದ ಮನಸ್ಸಿನಿಂದಲೇ ಹೋದ. ಅಲ್ಲಿ ಯಾರೋ ರೋಮಾಪುರದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ತನ್ನ ಪಾಪವನ್ನೂ ಕ್ರಿಸ್ತ ಹೊತ್ತಿದ್ದಾನೆ ಎಂಬ ಭರವಸೆ ಆಗ ಮೂಡಿತೆಂದು ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಮೂರು ವಾರಗಳೊಳಗೆ, ಜೂನ್ 11ರಂದು, ನಂಬಿಕೆಯಿಂದ ರಕ್ಷಣೆ ಎಂಬ ವಿಷಯವಾಗಿ ಆಕ್ಸ್‌ಫರ್ಡಿನಲ್ಲಿ ಉಪದೇಶ ಮಾಡಿದ. ವೆಸ್ಲಿಯನ್ ಬೋಧಕರು ಮಾದರಿಯಾಗಿ ಒಪ್ಪಬೇಕಾಗಿದ್ದ ಅವನ ಉಪದೇಶಗಳ ಸಂಗ್ರಹದಲ್ಲಿ ಮೊದಲನೆಯದು ಅದೇ.

ವೆಸ್ಲಿಯ ಬೋಧೆಗೆ ಎರಡು ವಿಶೇಷಗಳಿವೆ. ರಕ್ಷಣೆ ಹೊಂದುವವರು ಯಾರೆಂದು ದೇವರು ಮೊದಲೇ ಗೊತ್ತುಮಾಡಿಟ್ಟಿದ್ದಾನೆ ಎಂಬ ಕ್ಯಾಲ್ವಿನ್ ಪಂಥದ ಪೂರ್ವನಿಶ್ಚಯವನ್ನು ಅವನು ಒಪ್ಪಲಿಲ್ಲ. ಕೃಪೆ ಎಲ್ಲರಿಗೂ ಇದೆ. ಸುವಾರ್ತೆಯನ್ನು ಕೇಳಿರದವನೊಳಗೂ ಮನಸ್ಸಾಕ್ಷಿಯ ರೂಪದಲ್ಲಿ ಅದು ಮೊದಲೇ ಕೆಲಸ ಮಾಡುತ್ತಿರುತ್ತದೆ ಎಂದ. ಎರಡನೆಯದಾಗಿ, ಕೃಪೆ ಪಾಪವನ್ನು ಕ್ಷಮಿಸಿ ಸುಮ್ಮನಾಗುವುದಿಲ್ಲ, ಮನುಷ್ಯನನ್ನು ಪ್ರೀತಿಯಲ್ಲಿ ಪೂರ್ಣನಾಗುವ ತನಕ ಬೆಳೆಸುತ್ತದೆ ಎಂದ. ಹೀಗಾಗಿ ಕೃಪೆಯನ್ನು ಸಾರುವ ಮೆಥಡಿಸ್ಟರೇ ಅತ್ಯಂತ ಶಿಸ್ತಿನ ಜನರಾದರು: ಹನ್ನೆರಡು ಮಂದಿಯ ಕ್ಲಾಸ್ ಕೂಟ, ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಟಿಕೇಟು, 1743ರ ಸಾಮಾನ್ಯ ನಿಯಮಗಳು. ಬಾಗಿಲಲ್ಲಿ ಯಾವ ಶರತ್ತೂ ಇಲ್ಲ, ಒಳಗೆ ಬಂದ ಮೇಲೆ ಕಟ್ಟುನಿಟ್ಟು. ಈ ಬಿಕ್ಕಟ್ಟು ಗುಬ್ಬಿಗೂ ಬಂತು.

ಕನ್ನಡದಲ್ಲಿ ಬೋಧೆ

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ ಇಡೀ ಬೈಬಲ್ 1831ರ ಹೊತ್ತಿಗೆ ಕನ್ನಡಕ್ಕೆ ಬಂದಿತ್ತು. ಗುಬ್ಬಿಯ ಬೋಧಕರ ಕೈಯಲ್ಲಿದ್ದದ್ದು ಆ ಅನುವಾದ. ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗಲ್ ಮೊದಲಾದವರು ಅದನ್ನು ಪರಿಷ್ಕರಿಸಿದರು. ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ನಿನ ಅಚ್ಚುಕೂಟ 1840ರಲ್ಲಿ ಕೆಲಸ ಶುರುಮಾಡಿತು. ಅದನ್ನು ನಡೆಸಿದ ಜಾನ್ ಗ್ಯಾರೆಟ್ ಭಗವದ್ಗೀತೆಯನ್ನೂ ಅಚ್ಚು ಹಾಕಿಸಿದವನು.

ಆದರೆ ಸಿದ್ಧಾಂತವನ್ನು ಸಾಮಾನ್ಯ ಓದುಗನ ಎದೆಗೆ ಮುಟ್ಟಿಸಿದ್ದು ಪತ್ರಿಕೆಗಳ ವಾದಕ್ಕಿಂತ ಒಂದು ಕತೆ. ಜಾನ್ ಬನ್ಯನ್ 1678ರಲ್ಲಿ ಬರೆದ ರೂಪಕ ಕಥೆಯನ್ನು ಬಾಸೆಲ್ ಮಿಷನ್ನಿನವರು 1840ರ ದಶಕದಲ್ಲಿ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಕನ್ನಡ ಗದ್ಯಕಥನದ ಚರಿತ್ರೆಯಲ್ಲಿ ಆ ಪುಸ್ತಕಕ್ಕೆ ಅದರದೇ ಜಾಗವಿದೆ. ಬೆನ್ನ ಮೇಲೆ ಭಾರದ ಹೊರೆ ಹೊತ್ತ ಒಬ್ಬ ಮನುಷ್ಯ ತನ್ನ ಊರು ಬಿಟ್ಟು ಹೊರಡುತ್ತಾನೆ. ದಾರಿಯಲ್ಲಿ ಲೋಕಜ್ಞಾನಿಯೊಬ್ಬ ಸಿಕ್ಕಿ, ಇಷ್ಟು ಕಷ್ಟವೇಕೆ, ಪಕ್ಕದ ಸದಾಚಾರದ ಊರಿನಲ್ಲಿ ಶಾಸ್ತ್ರಪಾಲಕನೊಬ್ಬನಿದ್ದಾನೆ, ಹೊರೆ ಇಳಿಸುವುದರಲ್ಲಿ ಅವನು ನಿಪುಣ ಎಂದು ದಾರಿ ತಪ್ಪಿಸುತ್ತಾನೆ. ಯಾತ್ರಿಕ ಆ ಕಡೆ ತಿರುಗುತ್ತಾನೆ. ಎದುರಿಗೆ ಒಂದು ಬೆಟ್ಟ, ಅದರ ಬಂಡೆ ದಾರಿಯ ಮೇಲೆಯೇ ಬಾಗಿ ನಿಂತಿದೆ, ಬೆಂಕಿ ಮಿಂಚುತ್ತಿದೆ, ಹೊರೆ ಇಳಿಯುವ ಬದಲು ಮೊದಲಿಗಿಂತ ಭಾರವಾಗುತ್ತದೆ. ಅದು ಸೀನಾಯಿ ಬೆಟ್ಟ. ಸುವಾರ್ತಿಕ ಬಂದು ಅವನನ್ನು ಮತ್ತೆ ದಾರಿಗೆ ಹಚ್ಚುತ್ತಾನೆ. ಕೊನೆಗೆ ಒಂದು ದಿಬ್ಬದ ಮೇಲಿನ ಶಿಲುಬೆಯನ್ನು ಕಂಡ ಕ್ಷಣ ಹೊರೆ ತಾನಾಗಿ ಕಳಚಿ, ಉರುಳಿ, ಕೆಳಗಿನ ಗೋರಿಯೊಳಗೆ ಬೀಳುತ್ತದೆ. ಅವನು ಏನನ್ನೂ ಮಾಡಲಿಲ್ಲ, ನೋಡಿದ ಅಷ್ಟೇ. ಶಾಸ್ತ್ರ, ಕೃಪೆ, ನಂಬಿಕೆ ಈ ಮೂರರ ಸಂಬಂಧವನ್ನು ಇಷ್ಟು ಚಿಕ್ಕದಾಗಿ ಹೇಳಿದ ಬರಹ ಇನ್ನೊಂದಿಲ್ಲ. ಯಾತ್ರೆ, ಹೊರೆ, ಗುಡ್ಡ ಎಲ್ಲವೂ ಪರಿಚಿತವಾಗಿದ್ದ ಓದುಗರಿಗೆ ಅದು ಹೊರಗಿನ ಕತೆಯೆನಿಸಲು ಕಾರಣವೂ ಇರಲಿಲ್ಲ.

ಕನ್ನಡದ್ದೇ ಕಾವ್ಯರೂಪದಲ್ಲಿ ಕ್ರಿಸ್ತನ ಚರಿತ್ರೆಯನ್ನು ಹೇಳುವ ಪ್ರಯತ್ನವನ್ನು ನಿಘಂಟುಕಾರ ಫರ್ಡಿನಾಂಡ್ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಮಾಡಿದ.

ಗುಬ್ಬಿ ಕ್ಷೇತ್ರ

1829ರಲ್ಲಿ ಭಾರತಕ್ಕೆ ಬಂದ ಥಾಮಸ್ ಹಾಡ್ಸನ್ ಬೆಂಗಳೂರಿನಿಂದ ಗುಬ್ಬಿಗೆ ಬಂದು ನೆಲೆಸಿದ್ದು 1837ರಲ್ಲಿ. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿತ್ತು. ಗುಬ್ಬಿಯನ್ನು ಆರಿಸಿದ್ದಕ್ಕೆ ಕಾರಣ ಹುಡುಕಬೇಕಿಲ್ಲ: ಅಡಿಕೆ, ಕೊಬ್ಬರಿ, ಬಟ್ಟೆಯ ವ್ಯಾಪಾರ; ಸುತ್ತಲ ಊರುಗಳನ್ನೆಲ್ಲ ಒಂದೆಡೆ ಸೇರಿಸುವ ಸಂತೆ. ಹಾಡ್ಸನ್ ಕನ್ನಡವನ್ನು ಚೆನ್ನಾಗಿ ಕಲಿತ. ಇಂಗ್ಲಿಷ್ ಬಲ್ಲವರಿಗಾಗಿ ಅವನು ಬರೆದ ಕನ್ನಡ ವ್ಯಾಕರಣ 1859ರಲ್ಲಿ ಅಚ್ಚಾಯಿತು. 1839ರಲ್ಲಿ ಐರ್ಲೆಂಡಿನ ತರುಣ ವಿಲಿಯಂ ಆರ್ಥರ್ ಅವನನ್ನು ಕೂಡಿಕೊಂಡ. ಕಣ್ಣಿನ ಬೇನೆಯಿಂದ ಎರಡು ವರ್ಷಕ್ಕೇ ಹಿಂದಿರುಗಬೇಕಾದರೂ, ಮೈಸೂರು ಸೀಮೆಯ ಕೆಲಸದ ಬಗ್ಗೆ ಅವನು 1847ರಲ್ಲಿ ಪ್ರಕಟಿಸಿದ ಪುಸ್ತಕ ಆ ಕಾಲದ ಗುಬ್ಬಿಯನ್ನು ಕಾಣಿಸುವ ಕಿಟಕಿಯಾಗಿ ಉಳಿದಿದೆ. ಪಾಶ್ಚಾತ್ಯ ಬೋಧಕನ ಕಣ್ಣಿನ ಪೂರ್ವಗ್ರಹಗಳು ಅದರಲ್ಲಿಲ್ಲದೆ ಇಲ್ಲ, ಓದುವಾಗ ಎಚ್ಚರವಿರಬೇಕು.

ಬೋಧಕರು ಬಂದದ್ದು ಬರಿದಾದ ಊರಿಗಲ್ಲ. ‘ಭಾವಚಿಂತಾರತ್ನ’ ಮತ್ತು ‘ವೀರಶೈವಾಮೃತ ಮಹಾಪುರಾಣ’ಗಳನ್ನು ಬರೆದ ಗುಬ್ಬಿಯ ಮಲ್ಲಣಾರ್ಯ ಹದಿನಾರನೆಯ ಶತಮಾನದ ಕವಿ. ಕುಣಿಗಲ್ ಸೀಮೆಯ ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ. ಅವರ ‘ಷಟ್‌ಸ್ಥಲ ಜ್ಞಾನಸಾರಾಮೃತ’ ವೀರಶೈವ ಅನುಭಾವದ ಮುಖ್ಯ ಗ್ರಂಥ. ತುಮಕೂರಿನ ಪಕ್ಕದಲ್ಲೇ ಸಿದ್ಧಗಂಗೆಯ ಮಠ. ಗುರುಕೃಪೆ, ಪ್ರಸಾದ, ಶರಣಾಗತಿ ಇವು ಇಲ್ಲಿನ ಜನರ ಬಾಯಲ್ಲಿ ದಿನವೂ ಇದ್ದ ಮಾತುಗಳು. ಆದ್ದರಿಂದ ದೇವರು ಕೃಪಾಳು ಎಂದು ಕೇಳಿ ಇಲ್ಲಿ ಯಾರೂ ಬೆರಗಾಗಬೇಕಿರಲಿಲ್ಲ. ಹೊಸದಾಗಿದ್ದದ್ದು ಬೇರೆ: ಆ ಕೃಪೆ ಒಂದೇ ಒಂದು ಸಾವಿನಲ್ಲಿ, ಎಲ್ಲರಿಗಾಗಿ, ಒಮ್ಮೆಗೇ ಮುಗಿದುಹೋದ ಕೆಲಸ ಎಂಬ ವಾದ, ಮತ್ತು ಕರ್ಮಕ್ಕೆ ತಕ್ಕ ಫಲ ಜನ್ಮಜನ್ಮಕ್ಕೂ ಬೆನ್ನು ಬಿಡದು ಎಂಬ ಲೆಕ್ಕವನ್ನೇ ಅದು ರದ್ದು ಮಾಡುತ್ತದೆ ಎಂಬ ಪ್ರತಿಪಾದನೆ. ಅಪರಾಧ ಒಬ್ಬನದು, ಅದನ್ನು ತೀರಿಸುವವನು ಇನ್ನೊಬ್ಬ ಎಂಬುದು ನ್ಯಾಯವೇ? ಕರ್ಮಸಿದ್ಧಾಂತದೊಳಗಿನಿಂದ ಏಳುವ ಈ ಆಕ್ಷೇಪ ಗಂಭೀರವಾದದ್ದು. ಆ ಕಾಲದ ಕ್ರೈಸ್ತ ಕರಪತ್ರಗಳು ಸಾಮಾನ್ಯವಾಗಿ ಇದಕ್ಕೆ ಉತ್ತರ ಕೊಡುವ ಬದಲು ಇಲ್ಲಿನ ದೇವತೆಗಳನ್ನು ಹಳಿಯುವುದರಲ್ಲಿ ಕಾಗದ ಕಳೆದವು. ಇದು ದೊಡ್ಡ ನಷ್ಟ.

ದೀಕ್ಷಾಸ್ನಾನ ಪಡೆದವರು ಬಹಳ ಕಾಲ ಬೆರಳೆಣಿಕೆಯಷ್ಟೇ. ಗುಬ್ಬಿ ಸೀಮೆಯಲ್ಲಿ ಕ್ರೈಸ್ತರಾದ ದಾನಿಯೇಲ ಎಂಬ ವೃದ್ಧರ ಜೀವನವನ್ನೇ ಹಾಡ್ಸನ್ 1877ರಲ್ಲಿ ಒಂದು ಪುಸ್ತಕವಾಗಿ ಪ್ರಕಟಿಸಿದ; ಗುಬ್ಬಿ ಕ್ಷೇತ್ರದ ಕೆಲಸ ಮತ್ತು ಹಳ್ಳಿಯ ಬದುಕಿನ ವಿವರಗಳೂ ಅದರಲ್ಲಿವೆ. ಬಿಷಪ್ಪನದೋ ಬೋಧಕನದೋ ಅಲ್ಲದೆ ಗುಬ್ಬಿ ಕಡೆಯ ಒಬ್ಬ ಹಳ್ಳಿಗನ ಹೆಸರು ಹೊತ್ತ ಪುಸ್ತಕ ಅದು. ಆ ಕಾಲದ ಮಿಷನ್ ಸಾಹಿತ್ಯದಲ್ಲಿ ಇದು ಅಪರೂಪ.

ಜಾತಿ ಎಂಬ ಶಾಸ್ತ್ರ

ಗುಬ್ಬಿ, ಕುಣಿಗಲ್, ತುಮಕೂರು ಎಲ್ಲಿಯೂ ಮೋಶೆಯ ಶಾಸ್ತ್ರ ಯಾರಿಗೂ ಸಮಸ್ಯೆಯಾಗಿರಲಿಲ್ಲ. ಸುನ್ನತಿಯ ಮಾತೇ ಏಳಲಿಲ್ಲ. ಮನುಷ್ಯನನ್ನು ಮನುಷ್ಯನಿಂದ ಬೇರೆ ಕೂರಿಸುವ ಶಾಸ್ತ್ರ ಇಲ್ಲಿ ಜಾತಿ. ಅಂತಿಯೋಕ್ಯದ ಪ್ರಶ್ನೆ ಇಲ್ಲಿ ಆ ರೂಪದಲ್ಲಿ ಎದ್ದಿತು. ನಂಬಿಕೆಯೊಂದೇ ಸಾಕೆಂದ ಮೇಲೆ, ಜಾತಿ ಬಿಟ್ಟರೆ ಮಾತ್ರ ದೀಕ್ಷಾಸ್ನಾನ ಎನ್ನುವುದು ಹೊಸದೊಂದು ಶಾಸ್ತ್ರವನ್ನು ಹೇರಿದಂತಾಗುವುದಿಲ್ಲವೇ?

ದಕ್ಷಿಣ ಭಾರತದ ಪ್ರಾಟೆಸ್ಟೆಂಟರು ಈ ಪ್ರಶ್ನೆಯ ಮೇಲೆ ಇಬ್ಭಾಗವಾದರು. ತಮಿಳುನಾಡಿನ ಹಳೆಯ ಲೂಥರನ್ ಸಭೆಗಳಲ್ಲಿ ಜಾತಿವಾರು ಆಸನಗಳಿದ್ದವು. ಪವಿತ್ರ ಭೋಜನದ ಬಟ್ಟಲೂ ಮೇಲ್ಜಾತಿಯವರ ಕೈಗೆ ಮೊದಲು ಹೋಗಬೇಕಿತ್ತು. ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸುತ್ತೋಲೆ ಹೊರಡಿಸಿ, ಜಾತಿಭೇದವನ್ನು ಸಭೆಯೊಳಗಿಂದ ಕೂಡಲೇ ತೆಗೆಯಬೇಕೆಂದ. 1850ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನ ಇನ್ನೂ ಮುಂದೆ ಹೋಗಿ, ಜಾತಿ ತೊರೆದ ಗುರುತಾಗಿ ಯಾವ ಕ್ರೈಸ್ತನೊಂದಿಗಾದರೂ ಕೂತು ಉಣ್ಣಲು ಸಿದ್ಧರಿರಬೇಕೆಂದು ನಿರ್ಣಯಿಸಿತು. ಜರ್ಮನಿಯ ಲೈಪ್‌ಜಿಗ್ ಮಿಷನ್ನಿನ ಲೂಥರನ್ನರು ಇದನ್ನು ಒಪ್ಪಲಿಲ್ಲ. ಜಾತಿ ಒಂದು ಲೌಕಿಕ ವ್ಯವಸ್ಥೆ, ಕೃಪೆ ಒಳಗಿನಿಂದ ಮೆಲ್ಲಗೆ ಅದನ್ನು ಕರಗಿಸಲಿ, ಬಲವಂತ ಮಾಡಿದರೆ ಸುವಾರ್ತೆಯೇ ಶಾಸ್ತ್ರವಾಗುತ್ತದೆ ಎಂದರು. ವೆಸ್ಲಿಯನ್ನರೂ ಬಾಸೆಲ್ ಮಿಷನ್ನಿನವರೂ ಕಟ್ಟುನಿಟ್ಟಿನ ಕಡೆ ನಿಂತರು.

ಲೈಪ್‌ಜಿಗ್ ವಾದ ಕೇಳಲು ಲೂಥರನ ಬೋಧೆಗೆ ಹತ್ತಿರವೆನಿಸಬಹುದು. ಆದರೆ ಅದು ಪೌಲನನ್ನು ತಲೆಕೆಳಗು ಮಾಡಿತು. ಅಂತಿಯೋಕ್ಯದಲ್ಲಿ ಒಂದೇ ಪಂಕ್ತಿಯಲ್ಲಿ ಕೂರುವುದು ಕೃಪೆಗೆ ತೆರುವ ಬೆಲೆಯಾಗಿರಲಿಲ್ಲ; ಕೃಪೆ ಬಂದಿದೆ ಎಂಬುದಕ್ಕೆ ಅಲ್ಲಿ ಇದ್ದದ್ದು ಅದೊಂದೇ ಸಾಕ್ಷಿ. ಪೇತ್ರ ಎದ್ದುಹೋದಾಗ ಮುರಿದದ್ದು ಒಂದು ನಿಯಮವಲ್ಲ, ಸುವಾರ್ತೆಯೇ. ಕಟ್ಟುನಿಟ್ಟಿನ ಪಕ್ಷದಲ್ಲಿ ಲೋಪವಿರಲಿಲ್ಲವೆಂದೂ ಅಲ್ಲ. ಜಾತಿ ಬಿಡುವ ಪರೀಕ್ಷೆಯ ಜೊತೆಗೆ ಬೋಧಕರ ಊರಿನ ಉಡುಪು, ಹೆಸರು, ಮನೆವಾರ್ತೆಯ ಕ್ರಮಗಳೂ ಸೇರಿಕೊಂಡು, ಕೃಪೆಯ ಹೆಸರಿನಲ್ಲಿ ಪಾಶ್ಚಾತ್ಯ ಆಚಾರವೇ ಶಾಸ್ತ್ರವಾದ ಸಂದರ್ಭಗಳು ಕನ್ನಡನಾಡಿನಲ್ಲಿ ಉಂಟು.

ಬೆಲೆ ತೆತ್ತವರು ಮಾತ್ರ ಇಲ್ಲಿನವರೇ. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಕೌಂಡಿನ್ಯನಾದಾಗ ಮನೆಯ ಬಾಗಿಲು ಮುಚ್ಚಿತು. ಬಾಸೆಲಿನಲ್ಲಿ ಓದಿ 1851ರಲ್ಲಿ ಬೋಧಕ ದೀಕ್ಷೆ ಪಡೆದು ಆತ ಮರಳಿ ಬಂದ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಭೆ ಸೇರಿದವರಲ್ಲಿ ಹೆಚ್ಚಿನವರು ಹೊಲೆಯ, ಮಾದಿಗ ಸಮುದಾಯದವರು. ಊರ ಬಾವಿ, 
ಗುಡಿ, ಪಂಕ್ತಿಗಳಿಂದ ಮೊದಲೇ ಹೊರಗಿಟ್ಟಿದ್ದ ಅವರಿಗೆ, ಯೋಗ್ಯತೆ ನೋಡದೆ ಬರುವ ಕೃಪೆ ಎಂಬುದು ಬೇರೆ ಯಾರಿಗೂ ಕೇಳಿಸದಷ್ಟು ಸ್ಪಷ್ಟವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ.

ಬರಗಾಲ

1876–78ರ ಮಹಾಕ್ಷಾಮ ಮೈಸೂರನ್ನು ಬರಿದು ಮಾಡಿತು. 1871ರಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯಗಳನ್ನು ತೆರೆಯಿತು. ಅಲ್ಲಿ ಬೆಳೆದ ಮಕ್ಕಳು ಮುಂದಿನ ತಲೆಮಾರಿನ ಸಭೆಗಳ ಸದಸ್ಯರಾದರು. ಗಂಜಿಗಾಗಿ ಕ್ರೈಸ್ತರಾದವರು ಎಂಬ ಮೂದಲಿಕೆ ಆಗಿನಿಂದ ಇಂದಿನವರೆಗೂ ಕೇಳಿಬರುತ್ತದೆ. ದಯೆಯನ್ನು ಆಮಿಷವಾಗಿ ಬಳಸಿದರೆ ಅದು ಕೃಪೆಯ ಬೋಧೆಗೇ ಎಸಗಿದ ದ್ರೋಹ, ಏಕೆಂದರೆ ಅಲ್ಲಿ ಅನ್ನಕ್ಕೆ ಪ್ರತಿಯಾಗಿ ನಂಬಿಕೆಯನ್ನು ಕೇಳಿದಂತಾಯಿತು. ಅದೇ ಹೊತ್ತಿಗೆ, ಹಸಿದು ಬಿದ್ದ ಮಗುವನ್ನು ಎತ್ತಿಕೊಂಡವರು ತಮ್ಮ ನಂಬಿಕೆಯಲ್ಲೇ ಅದನ್ನು ಬೆಳೆಸಿದರೆಂಬುದನ್ನು ಕೊಂಡುಕೊಂಡದ್ದೆಂದು ತಳ್ಳಿಹಾಕುವುದೂ ಆ ಮಕ್ಕಳ ಬಾಳಿಗೆ ನ್ಯಾಯ ಮಾಡಿದಂತಲ್ಲ.

ನಾಡಿನ ಇತರ ಕೃಪಾಮಾರ್ಗಗಳು

ಕೃಪೆಯ ಬೋಧೆ ಕ್ರೈಸ್ತರೊಬ್ಬರ ಸೊತ್ತಲ್ಲ. ಶ್ರೀವೈಷ್ಣವರಲ್ಲಿ ತೆಂಕಲೆ–ವಡಕಲೆಗಳ ಭೇದಕ್ಕೆ ಒಂದು ಕಾರಣವೇ ಇದು: ತಾಯಿಬೆಕ್ಕು ಮರಿಯನ್ನು ಕಚ್ಚಿ ಒಯ್ಯುವಂತೆ ದೇವರೇ ಎಲ್ಲವನ್ನೂ ಮಾಡುತ್ತಾನೆ ಎಂಬ ಮಾರ್ಜಾಲನ್ಯಾಯ ಒಂದು ಕಡೆ, ಮರಿ ತಾಯಿಯನ್ನು ತಾನೂ ಅಪ್ಪಿ ಹಿಡಿಯಬೇಕೆಂಬ ಮರ್ಕಟನ್ಯಾಯ ಇನ್ನೊಂದು ಕಡೆ. ಲೂಥರನಿಗೂ ಟ್ರೆಂಟ್ ಸಭೆಗೂ ನಡುವಿನ ಅಂತರವನ್ನು ಕನ್ನಡಿಗರಿಗೆ ವಿವರಿಸಲು ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಗದು. ಮಧ್ವಮತದಲ್ಲೂ ಹರಿಪ್ರಸಾದವಿಲ್ಲದೆ ಮುಕ್ತಿಯಿಲ್ಲ. ಈ ಹೋಲಿಕೆಯಿಂದ, ಮಧ್ವರ ಮೇಲೆ ಕರಾವಳಿಯ ಕ್ರೈಸ್ತರ ಪ್ರಭಾವವಿತ್ತೆಂದು ಕೆಲವು ಪಾಶ್ಚಾತ್ಯರು ಊಹಿಸಿದ್ದುಂಟು, ಅದಕ್ಕೆ ಆಧಾರವಿಲ್ಲ. ಜರ್ಮನ್ ಚಿಂತಕ ರುಡಾಲ್ಫ್ ಆಟೊ 1930ರಲ್ಲಿ ಭಾರತದ ಕೃಪಾಧರ್ಮವನ್ನು ಕ್ರೈಸ್ತ ಧರ್ಮದೊಂದಿಗೆ ಇಟ್ಟು ನೋಡುವ ಪುಸ್ತಕವನ್ನೇ ಬರೆದ.

ಕನ್ನಡದಲ್ಲಿ ಈ ಸಂವಾದವನ್ನು ಪ್ರೀತಿಯಿಂದ ನಡೆಸಿದವರು ಉತ್ತಂಗಿ ಚನ್ನಪ್ಪನವರು (1881–1962). ಬಾಸೆಲ್ ಮಿಷನ್ ಸಭೆಯ ಪಾದ್ರಿಯಾಗಿದ್ದು, ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ ಸಂಪಾದಿಸಿದರು. ಬಸವಣ್ಣನ ಬಗ್ಗೆ ಬರೆದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯಲ್ಲಿ ಹಳಿಯುವ ದನಿಯನ್ನು ಬಿಟ್ಟು ವಿನಂತಿಯ ದನಿ ಹಿಡಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಗುಬ್ಬಿಯ ಮೊದಲ ತಲೆಮಾರಿನ ಕರಪತ್ರಗಳು ಮಾಡಲಾಗದ್ದನ್ನು ಅವರು ಮಾಡಿದರು.

ಆರಾಧನೆಯಲ್ಲಿ

1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟರು, ಆಂಗ್ಲಿಕನ್ನರು ಮತ್ತು ದಕ್ಷಿಣ ಭಾರತ ಐಕ್ಯ ಸಭೆಯವರು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ರೂಪುಗೊಂಡಿತು. ತುಮಕೂರು ಸೀಮೆಯ ವೆಸ್ಲಿಯನ್ ಸಭೆಗಳು ಅದರ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಅದು ವಿಭಾಗವಾದ ಮೇಲೆ ಬೆಂಗಳೂರು ಕೇಂದ್ರವಾದ ಕರ್ನಾಟಕ ಸೆಂಟ್ರಲ್ ಧರ್ಮಪ್ರಾಂತ್ಯದ ಭಾಗವಾಗಿವೆ.

ಸಿದ್ಧಾಂತದ ಪುಸ್ತಕ ತೆರೆಯದ ವಿಶ್ವಾಸಿಯೂ ಈ ಬೋಧೆಯನ್ನು ಕಲಿಯುವುದು ಆರಾಧನೆಯಲ್ಲಿ. ಪವಿತ್ರ ಭೋಜನದ ಹೊತ್ತಿಗೆ ಜನ ಮುಂದೆ ಬಂದು ಕಟಾಂಜನದ ಬಳಿ ಸಾಲಾಗಿ ಮೊಣಕಾಲೂರುತ್ತಾರೆ, ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಟ್ಟು ಒಡ್ಡುತ್ತಾರೆ. ರೊಟ್ಟಿಯ ತುಣುಕನ್ನು ಯಾರೂ ತಾವಾಗಿ ತೆಗೆದುಕೊಳ್ಳುವುದಿಲ್ಲ, ಸಭಾಪಾಲಕರು ಇಡುತ್ತಾರೆ. ಪಕ್ಕದಲ್ಲಿ ಯಾರಿದ್ದಾರೆಂದು ಆರಿಸಿಕೊಳ್ಳುವಂತಿಲ್ಲ, ಬಂದ ಕ್ರಮದಲ್ಲೇ ಸಾಲು. ವರ್ಷದ ಆರಂಭದಲ್ಲಿ ನಡೆಯುವ ಒಡಂಬಡಿಕೆಯ ಆರಾಧನೆ ವೆಸ್ಲಿ 1755ರಲ್ಲಿ ಶುರುಮಾಡಿದ ರೂಢಿಯಿಂದ ಬಂದದ್ದು.

ಕಾಣಿಕೆಯ ವಿಷಯದಲ್ಲಿ ಕೃಪೆಯ ಬೋಧೆ ಹಳ್ಳಿಯ ಬದುಕಿನೊಂದಿಗೆ ಇನ್ನೂ ಸೆಣಸುತ್ತಿದೆ. ಮಗಳಿಗೆ ಹೆರಿಗೆ ಸುಸೂತ್ರವಾದರೆ, ಬೋರು ನೀರು ಕೊಟ್ಟರೆ ಇಷ್ಟು ಕೊಡುತ್ತೇನೆ ಎಂಬ ಹರಕೆಯ ಲೆಕ್ಕ ನಮ್ಮೆಲ್ಲರ ರಕ್ತದಲ್ಲಿದೆ. ಸಭೆ ಕಲಿಸುವುದು ಸ್ತೋತ್ರ ಕಾಣಿಕೆಯನ್ನು: ಬಂದದ್ದಕ್ಕೆ ಕೃತಜ್ಞತೆ, ಬರಲಿರುವುದಕ್ಕೆ ಮುಂಗಡವಲ್ಲ. ಸುಗ್ಗಿಯ ಆರಾಧನೆಗೆ ರಾಗಿ, ತೆಂಗಿನಕಾಯಿ, ಕುಂಬಳ, ಕೋಳಿ ತಂದಿಟ್ಟು ಹರಾಜು ಹಾಕುವಾಗ ಕೊಟ್ಟವರ ಮನಸ್ಸಿನಲ್ಲಿ ಇರುವುದು ಕೃತಜ್ಞತೆಯೋ ಹರಕೆಯೋ ಎಂದು ಹೊರಗಿನವರು ಹೇಳಲಾರರು. ಹಣ ಕೊಟ್ಟರೆ ದೇವರು ಮರಳಿ ಹತ್ತರಷ್ಟು ಕೊಡುತ್ತಾನೆಂದು ಈಚೆಗೆ ಟಿವಿಯಲ್ಲೂ ಮೊಬೈಲಿನಲ್ಲೂ ಸಾರುವ ಸಮೃದ್ಧಿ ಬೋಧಕರಂತೂ ಕ್ಷಮಾಪತ್ರದ ವ್ಯಾಪಾರವನ್ನೇ ಬೇರೆ ಹೆಸರಿನಲ್ಲಿ ಮತ್ತೆ ತೆರೆದಿದ್ದಾರೆ. ಲೂಥರನ ಹೆಸರು ಹೇಳುವ ಸಭೆಗಳು ಇದನ್ನು ಗಟ್ಟಿ ದನಿಯಲ್ಲಿ ವಿರೋಧಿಸಬೇಕಿತ್ತು.

ಈಚಿನ ಬೆಳವಣಿಗೆಗಳು

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ರೋಮನ್ ಕ್ಯಾಥೊಲಿಕ್ ಸಭೆ ಈ ಸಿದ್ಧಾಂತದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು: ರಕ್ಷಣೆ ಕೃಪೆಯಿಂದಲೇ, ಮನುಷ್ಯನ ಅರ್ಹತೆಯಿಂದಲ್ಲ, ಸತ್ಕ್ರಿಯೆಗಳು ಅದರ ಫಲ. ಹದಿನಾರನೆಯ ಶತಮಾನದ ಪರಸ್ಪರ ಶಾಪಗಳು ಇನ್ನು ಎದುರು ಪಕ್ಷದ ಇಂದಿನ ಬೋಧೆಗೆ ತಗಲುವುದಿಲ್ಲ ಎಂದು ಒಪ್ಪಿದರು. ವಿಶ್ವ ಮೆಥಡಿಸ್ಟ್ ಮಂಡಲಿ 2006ರಲ್ಲಿ ಸೋಲ್ ನಗರದಲ್ಲಿ ಇದಕ್ಕೆ ಸೇರಿತು. ಸುಧಾರಿತ ಸಭೆಗಳ ಒಕ್ಕೂಟ 2017ರಲ್ಲಿ ಸೇರಿತು.

ಕರ್ನಾಟಕದಲ್ಲಿ 2011ರ ಗಣತಿಯಂತೆ ಕ್ರೈಸ್ತರು 11,42,647 ಮಂದಿ, ರಾಜ್ಯದ ಜನಸಂಖ್ಯೆಯ ಶೇಕಡ 1.87. ಇವರ ನಡುವಿನ ದಲಿತರಿಗೆ ಜಾತಿಯ ಪ್ರಶ್ನೆ ಎರಡು ಕಡೆಯಿಂದ ಎದುರಾಗುತ್ತದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಮೂರನೆಯ ಪ್ಯಾರಾ ಪರಿಶಿಷ್ಟ ಜಾತಿಯ ಸ್ಥಾನವನ್ನು ಮೊದಲು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರಾದವರಿಗೆ ಆ ಸ್ಥಾನವಿಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅಧ್ಯಕ್ಷತೆಯ ಆಯೋಗವನ್ನು ನೇಮಿಸಿತು. ಕ್ರೈಸ್ತರಾದ ಮೇಲೂ ಊರಿನಲ್ಲಿ ಜಾತಿಯ ಅವಮಾನ ತಪ್ಪಿಲ್ಲ ಎಂಬುದು ದಲಿತ ಕ್ರೈಸ್ತರ ಸಂಘಟನೆಗಳ ವಾದ. ಸಭೆಯೊಳಗೂ, ಮದುವೆ ಸಂಬಂಧಗಳಲ್ಲಿ ಮತ್ತು ಅಧಿಕಾರ ಹಂಚಿಕೆಯಲ್ಲಿ, ಅದು ತಪ್ಪಿಲ್ಲ ಎಂಬುದನ್ನೂ ಅವರು ಅಷ್ಟೇ ನೇರವಾಗಿ ಹೇಳುತ್ತಾರೆ. ಮೊದಲನೆಯದಕ್ಕೆ ಉತ್ತರ ಕೊಡಬೇಕಾದ್ದು ಸರ್ಕಾರ. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ಪ್ರತಿ ಭಾನುವಾರ ಒಂದೇ ಸಾಲಿನಲ್ಲಿ ಮೊಣಕಾಲೂರುವವರು.